ಸೊನ್ನೆ ಬಿದ್ದುಹೋದ ಸಾಲು: ಬೇರೆಯವರ ಜಾಲತಾಣಕ್ಕೆ ಬರೆಯುವವಳ ಅನುಭವ

ಕೃಷಿಗೆ ಸಂಬಂಧಿಸಿದ ಕನ್ನಡ ಜಾಲತಾಣಗಳಿಗೆ ನಾನು ಅತಿಥಿ ಲೇಖನ ಬರೆಯುತ್ತ ಬಂದು ಕೆಲವು ವರ್ಷವಾಯಿತು. ಬರೆಯುವುದು ಹೆಚ್ಚಾಗಿ ಅಡಿಕೆ, ಕಾಳುಮೆಣಸು, ಏಲಕ್ಕಿ ವಿಚಾರ. ನಮ್ಮ ತೋಟ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಓದುವವರು ತೀರ್ಥಹಳ್ಳಿ, ಕೊಪ್ಪ, ಶಿರಸಿ, ಪುತ್ತೂರು ಹೀಗೆ ಎಲ್ಲೆಲ್ಲೂ ಇದ್ದಾರೆ. ಬರೆಯುವ ಕೆಲಸ ನನಗೆ ಭಾರ ಅನ್ನಿಸಿದ್ದಿಲ್ಲ. ಬರೆದು ಕಳಿಸಿದ ಮೇಲೆ ಸೈಟ್ ನಡೆಸುವವರ ಜತೆಗಿನ ವ್ಯವಹಾರ ಮಾತ್ರ ಹಲವು ಸಲ ನಿದ್ದೆ ಕೆಡಿಸಿದೆ. ಲೇಖನ ತಲುಪಿತೋ ಇಲ್ಲವೋ ಎಂದೂ ಹೇಳದವರಿದ್ದಾರೆ. ಕೇಳದೆ ತಿದ್ದಿ ಹಾಕುವವರಿದ್ದಾರೆ. ತಿದ್ದಿದ್ದನ್ನು ಕೇಳಿದರೆ ಸಿಟ್ಟಾಗುವವರೂ ಇದ್ದಾರೆ.

ಇಂಥವರ ಜತೆ ಕೆಲಸ ಮಾಡುತ್ತ ನಾನು ಕಂಡುಕೊಂಡ ದಾರಿ ಇದು. ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದನ್ನು ಲೇಖನ ಕಳಿಸುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು, ಮಿಕ್ಕಿದ್ದನ್ನೆಲ್ಲ ಧಾರಾಳವಾಗಿ ಬಿಟ್ಟುಕೊಡಬೇಕು. ನನ್ನ ಮಟ್ಟಿಗೆ ಬಿಡಲಾಗದ್ದು ಎರಡೇ: ಔಷಧಿಯ ಪ್ರಮಾಣ, ಮತ್ತು ಲೇಖನದ ಮೇಲಿನ ನನ್ನ ಹೆಸರು. ಶೀರ್ಷಿಕೆ, ಫೋಟೊ, ಉದ್ದ ಕಡಿಮೆ ಮಾಡುವುದು, ಸಾಗರದ ಮಾತನ್ನು ಬೆಂಗಳೂರಿನವರಿಗೆ ಅರ್ಥವಾಗುವಂತೆ ಬದಲಿಸುವುದು, ಇವಕ್ಕೆಲ್ಲ ನನ್ನ ತಕರಾರಿಲ್ಲ. ಇಷ್ಟು ಸ್ಪಷ್ಟವಾದದ್ದು ಒಂದು ಮಳೆಗಾಲದ ಆರಂಭದಲ್ಲಿ, ಕೊಳೆರೋಗದ ಲೇಖನದಿಂದ.

ಅಡಿಕೆ ಬೆಳೆಗಾರರಿಗೆ ಕೊಳೆಯ ಬಗ್ಗೆ ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ ಇದು. ಮಳೆ ಬಿಡದೆ ಹೊಯ್ಯುವಾಗ ಅಡಿಕೆ ಕೊನೆಗೆ, ಅಂದರೆ ಕಾಯಿಗೊಂಚಲಿಗೆ, ಹತ್ತಿಕೊಂಡರೆ ಎಳೆಕಾಯಿ ಕೊಳೆತು ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ನಮ್ಮ ಕಡೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಬೇರೂರಿದ್ದರ ಹಿಂದೆ ಅವರ ದುಡಿಮೆ ಇದೆ. ನೂರು ವರ್ಷ ದಾಟಿದರೂ ತೋಟದವರು ನೆಚ್ಚಿಕೊಂಡಿರುವುದು ಅದನ್ನೇ.

ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರಿನಲ್ಲಿ ಬೇರೆ, ಸುಣ್ಣವನ್ನು 50 ಲೀಟರಿನಲ್ಲಿ ಬೇರೆ ಕರಗಿಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ, ಉಜ್ಜಿ ಹೊಳಪು ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಕೆಂಪು ಕೂರುವುದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಬೇಕು. ಸುಣ್ಣ ಸಾಲದ ದ್ರಾವಣ ಎಳೆಕಾಯಿಯನ್ನು ಸುಡುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಮೊದಲ ಸಲ, ಮತ್ತೆ 40–45 ದಿನ ಬಿಟ್ಟು ಎರಡನೇ ಸಲ ಹೊಡೆಯಬೇಕು. ನನ್ನ ಲೇಖನದ ಜೀವ ಇಷ್ಟರಲ್ಲಿತ್ತು. ಇದರ ಸುತ್ತ, ಮಳೆ ತಾಗದಂತೆ ಕೊನೆಗೆ ಹೊದಿಕೆ ಹಾಕುವ, ಅಂದರೆ ಕೊಟ್ಟೆ ಕಟ್ಟುವ ಹಳೆಯ ಕ್ರಮ, ಮರ ಹತ್ತುವವರು ಸಿಗದಿರುವ ಕಷ್ಟ, ನೆಲದಲ್ಲೇ ನಿಂತು ದೋಟಿಯಿಂದ (ಉದ್ದ ಕೋಲಿನಿಂದ) ಔಷಧಿ ಹೊಡೆಯುವ ಹೊಸ ರೂಢಿ ಎಲ್ಲ ಸೇರಿಸಿದ್ದೆ.

ಕಳಿಸುವ ಮೊದಲು ಆ ಸೈಟಿನ ಹಳೆಯ ಲೇಖನಗಳನ್ನು ಓದಿದ್ದೆ. ಲೇಖಕರ ಹೆಸರು ಹಾಕುತ್ತಾರೆಯೇ, ಯಾವ ಜಾಹೀರಾತು ಬರುತ್ತದೆ, ಶೀರ್ಷಿಕೆಗಳು ಹೇಗಿರುತ್ತವೆ ಎಂದು ನೋಡಿಕೊಂಡಿದ್ದೆ. ಶೀರ್ಷಿಕೆಗಳು ಕೂಗುವ ಜಾತಿಯವು, ಆದರೆ ಹೆಸರು ಹಾಕುತ್ತಿದ್ದರು, ಓದುಗರೂ ಬಹಳ ಇದ್ದರು. ಮಾಲೀಕರು ಫೋನಿನಲ್ಲಿ ಸಲೀಸಾಗಿ ಮಾತಾಡಿ ಒಪ್ಪಿಕೊಂಡರು. ಮಾತು ಮುಗಿದ ಮೇಲೆ, ಆಡಿದ್ದನ್ನೇ ಈಮೇಲಿನಲ್ಲಿ ಬರೆದು ಕಳಿಸಿದೆ: ಹೆಸರು ಹೀಗೆ ಬರಬೇಕು, ಭಾಷೆ, ಶೀರ್ಷಿಕೆ ನಿಮಗೆ ಬಿಟ್ಟದ್ದು, ಅಂಕಿ, ಪ್ರಮಾಣ, ಔಷಧಿಯ ಹೆಸರು ಬದಲಾಗುವುದಾದರೆ ಪ್ರಕಟಣೆಗೆ ಮೊದಲು ನನಗೆ ತೋರಿಸಿ, ಲೇಖನದ ಒಳಗೆ ಯಾವುದಾದರೂ ಉತ್ಪನ್ನದ ಲಿಂಕ್ ಸೇರಿಸುವುದಾದರೆ ತಿಳಿಸಿ. ಅವರಿಂದ ಬಂದದ್ದು ‘ಓಕೆ ಮೇಡಂ’ ಎಂಬ ಎರಡು ಪದ. ಅಷ್ಟೇ ಸಾಕಾಯಿತು. ಎಲ್ಲ ಮಾತನ್ನೂ ಫೋನಿನಲ್ಲಿ ಮುಗಿಸುವ ಊರು ನಮ್ಮದು. ಬರೆದು ಕೇಳಿದರೆ ಅಪನಂಬಿಕೆ ಎಂದುಕೊಳ್ಳುತ್ತಾರೇನೋ ಎಂಬ ಅಳುಕು ಬರೆಯುವವರಿಗೆ ಇದ್ದೇ ಇರುತ್ತದೆ. ‘ನನಗೆ ಮರೆವು ಜಾಸ್ತಿ, ಅದಕ್ಕೇ ಬರೆದಿಡುತ್ತೇನೆ’ ಎಂಬ ನೆಪ ನನಗೆ ಬೇಕಾಗಿಲ್ಲ. ‘ನಾವು ಮಾತಾಡಿದ್ದು ಇಬ್ಬರಿಗೂ ಒಂದೇ ಥರ ನೆನಪಿರಲಿ’ ಎಂದು ನೇರವಾಗಿಯೇ ಬರೆಯುತ್ತೇನೆ.

ಲೇಖನ ಪ್ರಕಟವಾಗಿದ್ದು ನನಗೆ ತಿಳಿದದ್ದು ಕೊಪ್ಪದ ಕಡೆಯ ಹಿರಿಯ ಬೆಳೆಗಾರರೊಬ್ಬರ ಫೋನಿನಿಂದ. ನೆಂಟರ ಮೂಲಕ ನಂಬರ್ ಹುಡುಕಿಸಿಕೊಂಡಿದ್ದರು. ‘ತಂಗೀ, ನೀನು ಬರ್ದಿದ್ದು ಓದ್ದೆ. ಹತ್ತು ಲೀಟರಿಗೆ ಒಂದು ಕಿಲೋ ತುತ್ತ ಅಂತ ಇದ್ಯಲ್ಲ, ಹೌದಾ? ನಮ್ಮ ಕೊನೆಗೌಡ ಇದು ಆಗೋದಲ್ಲ ಅಂತ ಕಲಸ್ದೆ ಕೂತಿದಾನೆ.’ ಕೊನೆಗೌಡ ಎಂದರೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೆಲಸಗಾರ.

ಸೈಟ್ ತೆಗೆದು ನೋಡಿದೆ. 100 ಲೀಟರಿನ ಒಂದು ಸೊನ್ನೆ ಬಿದ್ದುಹೋಗಿ 10 ಲೀಟರ್ ಆಗಿತ್ತು. ಚಾಕು ಅದ್ದಿ ನೋಡುವ ಪ್ಯಾರಾವನ್ನು ಉದ್ದವಾಯಿತೆಂದು ಕಿತ್ತಿದ್ದರು. ಶೀರ್ಷಿಕೆ ‘ಈ ಒಂದು ಔಷಧಿ ಹೊಡೆದರೆ ಕೊಳೆರೋಗ ಮಾಯ’ ಎಂದಾಗಿತ್ತು. ನಡುವೆ, ನಾನು ಕೇಳಿಯೇ ಇರದ ಒಂದು ದ್ರವದ ಲಿಂಕ್ ಕೂತಿತ್ತು. ಎಲ್ಲದರ ಮೇಲೆ ನನ್ನ ಹೆಸರು, ಫೋಟೊ.

ಹತ್ತು ಪಟ್ಟು ಗಟ್ಟಿಯಾದ ತಾಮ್ರವನ್ನು ಎಳೆಗೊನೆಗೆ ಹೊಡೆಯುವುದು ಎಂದರೇನು ಎಂಬುದು ತೋಟದವರಿಗೆ ಗೊತ್ತು. ಒಂದು ವರ್ಷದ ಫಸಲು, ಒಂದು ಸಂಸಾರದ ವರ್ಷದ ಲೆಕ್ಕ. ನನ್ನ ಕೈ ನಡುಗಿತು. ಆ ಕೊನೆಗೌಡನ ಅನುಭವ ಒಂದು ತೋಟವನ್ನು ಕಾಯಿತು. ಬೇರೆ ಕಡೆ ಯಾರು ಏನು ಕಲಸಿದರೋ ಎಂಬ ಯೋಚನೆ ಹತ್ತಿಕೊಂಡಿತು.

ಇಂಥ ಹೊತ್ತಿನಲ್ಲಿ ಎಲ್ಲ ದೂರನ್ನೂ ಒಟ್ಟಿಗೆ ಹೇಳಬೇಕು ಅನ್ನಿಸುತ್ತದೆ. ನಾನು ನಾಲ್ಕು ದೂರಿನಲ್ಲಿ ಮೂರನ್ನು ತೆಗೆದಿಟ್ಟೆ. ಮೊದಲು ಪುಟದ ಸ್ಕ್ರೀನ್‌ಶಾಟ್ ತೆಗೆದು, ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಆ ವಿಳಾಸ ಹಾಕಿ ಅಂದಿನ ಪ್ರತಿಯನ್ನು ಉಳಿಸಿದೆ. ಇದು ಪುಕ್ಕಟೆ, ಯಾರು ಬೇಕಾದರೂ ಮಾಡಬಹುದು; ಪುಟ ಯಾವ ದಿನ ಹೇಗಿತ್ತು ಎಂಬುದಕ್ಕೆ ಆಮೇಲೆ ವಾದವೇ ಇರುವುದಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸ್ಆ್ಯಪಿನಲ್ಲಿ ಇಷ್ಟು ಬರೆದೆ:

‘ಸರ್, ನಮಸ್ಕಾರ. ಕೊಳೆರೋಗದ ಲೇಖನದಲ್ಲಿ ಒಂದು ಅಂಕಿ ಈಗಲೇ ಸರಿಯಾಗಬೇಕು. ಪ್ರಕಟವಾಗಿರುವುದು: ನೀರು 10 ಲೀಟರ್. ಇರಬೇಕಾದದ್ದು: ನೀರು 100 ಲೀಟರ್. ತೋಟಗಳಲ್ಲಿ ಈ ವಾರವೇ ಔಷಧಿ ಹೊಡೆಯುತ್ತಿದ್ದಾರೆ, ಫಸಲು ಸುಟ್ಟು ಹೋಗುವ ಅಪಾಯವಿದೆ. ಸರಿಪಡಿಸಿದ ಕೂಡಲೇ ತಿಳಿಸಿ. ಮಿಕ್ಕ ವಿಷಯ ನಾಳೆ ಮಾತಾಡೋಣ.’

ಉತ್ತರ ಬಂದದ್ದು ಸಂಜೆ. ‘ಮೇಡಂ, ಸೈಟ್ ನಮ್ದು. ಎಡಿಟ್ ಮಾಡೋದು ನಮ್ಮ ಹಕ್ಕು. ಓದೋರು ಇಷ್ಟೆಲ್ಲ ಸೂಕ್ಷ್ಮ ನೋಡಲ್ಲ.’ ಓದುವವರು ನೋಡುತ್ತಾರೆ ಎಂಬುದಕ್ಕೆ ಬೆಳಗಿನ ಫೋನೇ ಸಾಕ್ಷಿಯಾಗಿತ್ತು. ಹಾಗೆಂದು ಹಕ್ಕಿನ ಮಾತಿಗೆ ನಾನು ಉತ್ತರಿಸಲಿಲ್ಲ. ಹಕ್ಕಿನ ವಾದಕ್ಕೆ ಇಳಿದರೆ ಸೊನ್ನೆ ಅಲ್ಲಿಯೇ ಉಳಿಯುತ್ತದೆ. ‘ಎಡಿಟ್ ಬಗ್ಗೆ ನನ್ನ ತಕರಾರಿಲ್ಲ ಸರ್. ಈ ಒಂದು ಅಂಕಿ ಮಾತ್ರ. ಕೊಪ್ಪದಿಂದ ಒಬ್ಬರು ಆಗಲೇ ಫೋನ್ ಮಾಡಿ ಕೇಳಿದರು, ಅವರು ಕಲಸುವವರಿದ್ದರು’ ಎಂದು ಕಳಿಸಿ, ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ಶಿಫಾರಸೂ ಶೇಕಡ 1ರದ್ದೇ ಎಂದು ಸೇರಿಸಿದೆ. ನನ್ನ ಮಾತಿಗಿಂತ ಸಂಸ್ಥೆಯ ಮಾತನ್ನು ಒಪ್ಪಿಕೊಳ್ಳುವುದು ಅವರಿಗೆ ಸುಲಭ; ಸೋತಂತೆ ಅನ್ನಿಸುವುದಿಲ್ಲ. ರಾತ್ರಿಯೊಳಗೆ ಅಂಕಿ ಸರಿಯಾಯಿತು.

ಮರುದಿನ ಈಮೇಲ್ ಬರೆದೆ. ಮೊದಲ ಸಾಲಿನಲ್ಲಿ ಅಂಕಿ ಸರಿಪಡಿಸಿದ್ದಕ್ಕೆ ಧನ್ಯವಾದ, ಅದು ನಿಜವಾದ ಧನ್ಯವಾದವೇ. ಆಮೇಲೆ ನಮ್ಮ ಹಿಂದಿನ ಈಮೇಲನ್ನು ಕೆಳಗೆ ಅಂಟಿಸಿ, ಅವರ ಮುಂದೆ ಮೂರು ದಾರಿ ಇಟ್ಟೆ. ಚಾಕು ಪರೀಕ್ಷೆಯ ಪ್ಯಾರಾ ಮರಳಿ ಹಾಕಿ, ಉತ್ಪನ್ನದ ಲಿಂಕನ್ನು ತೆಗೆಯುವುದು ಅಥವಾ ಅದನ್ನು ಜಾಹೀರಾತು ಎಂದು ಬೇರೆಯಾಗಿ ತೋರಿಸುವುದು. ಅದಾಗದಿದ್ದರೆ ನನ್ನ ಹೆಸರು, ಫೋಟೊ ತೆಗೆದುಬಿಡುವುದು. ಅದೂ ಆಗದಿದ್ದರೆ ಲೇಖನವನ್ನೇ ತೆಗೆಯುವುದು. ‘ಯಾವುದಾದರೂ ಒಂದು ನಿಮಗೆ ಅನುಕೂಲವಾದದ್ದನ್ನು ಶುಕ್ರವಾರದೊಳಗೆ ತಿಳಿಸಿ’ ಎಂದು ಮುಗಿಸಿದೆ. ಹಟಮಾರಿ ಎನಿಸಿದ ಮಾಲೀಕರೂ ಆಯ್ಕೆ ಕೊಟ್ಟಾಗ ಮೆತ್ತಗಾಗುತ್ತಾರೆ. ‘ಹೀಗೆ ಮಾಡಿ’ ಎಂದರೆ ‘ಮಾಡಲ್ಲ’ ಎನ್ನುವುದು ಸುಲಭ. ಮೂರರಲ್ಲಿ ಒಂದನ್ನು ಆರಿಸಬೇಕಾದಾಗ ಮನುಷ್ಯ ಯೋಚನೆಗೆ ಇಳಿಯುತ್ತಾನೆ.

ಕೃತಿಸ್ವಾಮ್ಯ ಕಾಯ್ದೆಯ ಹೆಸರನ್ನು ಆ ಈಮೇಲಿನಲ್ಲಿ ಎತ್ತಲಿಲ್ಲ. 1957ರ ಆ ಕಾಯ್ದೆಯ 57ನೇ ಕಲಂ ಬರೆದವರ ಪರ ಇದೆ: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕು ಎರಡೂ ಅದರಲ್ಲಿವೆ, ಕೃತಿಯ ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ಇವು ಲೇಖಕರ ಹತ್ತಿರವೇ ಉಳಿಯುತ್ತವೆ. ಇದನ್ನು ತಿಳಿದಿರಬೇಕು. ತಿಳಿದದ್ದನ್ನು ಮೊದಲ ಪತ್ರದಲ್ಲೇ ತೋರಿಸಿದರೆ ಮಾತುಕತೆ ಅಲ್ಲಿಗೆ ಮುಗಿದು ಜಗಳ ಶುರುವಾಗುತ್ತದೆ.

ಅವರು ಈಮೇಲಿಗೆ ಉತ್ತರಿಸದೆ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಹಗಲು ಬೇರೆ ನೌಕರಿ, ಸೈಟಿನ ಕೆಲಸ ರಾತ್ರಿ ಊಟದ ಮೇಲೆ. ತಿದ್ದುವವರು ಬೇರೆ ಯಾರೂ ಇಲ್ಲ. ಗೂಗಲ್ ಜಾಹೀರಾತಿನಿಂದ ಬರುವುದು ಸರ್ವರಿನ ಬಾಡಿಗೆಗೂ ಸಾಲದ ತಿಂಗಳುಗಳಿವೆ, ಆ ದ್ರವದ ಕಂಪನಿ ಲಿಂಕಿಗೆ ದುಡ್ಡು ಕೊಡುತ್ತದೆ. ಇಷ್ಟನ್ನೂ ಹೇಳಿಕೊಂಡರು. ನಾನು ಕೇಳಿಸಿಕೊಂಡೆ. ಕನ್ನಡದಲ್ಲಿ ಇಂಥ ಸೈಟ್‌ಗಳನ್ನು ನಡೆಸುತ್ತಿರುವವರು ಬಹುಪಾಲು ಒಂಟಿ ಮನುಷ್ಯರು. ಅವರ ಒರಟುತನದಲ್ಲಿ ಅರ್ಧಕ್ಕರ್ಧ ದಣಿವೇ ಇರುತ್ತದೆ ಎಂದು ನನಗೆ ಅನ್ನಿಸಿದೆ. ಹಾಗೆಂದು ದಣಿವಿನ ಬೆಲೆಯನ್ನು ಅಡಿಕೆ ಬೆಳೆಗಾರ ಕೊಡಬಾರದು.

ಲಿಂಕಿನ ವಿಷಯದಲ್ಲಿ ಅವರಿಗೇ ಒಳ್ಳೆಯದಾಗುವ ಮಾತು ಹೇಳಿದೆ. ದುಡ್ಡು ಪಡೆದು ಹಾಕಿದ ಲಿಂಕನ್ನು ಹಾಗೆಂದು ಗುರುತಿಸಲು ಗೂಗಲ್ 2019ರಲ್ಲೇ ‘ಸ್ಪಾನ್ಸರ್ಡ್’ ಎಂಬ ಗುರುತನ್ನು ತಂದಿದೆ. ಗುರುತಿಲ್ಲದೆ ಲಿಂಕ್ ಮಾರುವ ತಾಣಗಳು ಹುಡುಕಾಟದಲ್ಲಿ ಕೆಳಗೆ ಹೋಗುವ ಅಪಾಯವಿದೆ. ದುಡ್ಡು ಪಡೆದ ಪ್ರಚಾರವನ್ನು ಓದುಗರಿಗೆ ತಿಳಿಯುವಂತೆ ಹೇಳಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿಯ ನಿಯಮವೂ ಇದೆ. ಅದರ ಜತೆಗೆ, ರೈತರಿಗೆ ಒಮ್ಮೆ ನಂಬಿಕೆ ಹೋದರೆ ಇನ್ನೊಂದು ಮಳೆಗಾಲಕ್ಕೆ ಅವರು ಆ ಸೈಟಿಗೆ ಬರುವುದಿಲ್ಲ. ಕೊನೆಯ ಮಾತು ಅವರಿಗೆ ನಾಟಿತು ಅನ್ನಿಸುತ್ತದೆ. ಲಿಂಕನ್ನು ಲೇಖನದ ಹೊರಗೆ, ಕೆಳಗೆ, ಜಾಹೀರಾತು ಎಂಬ ಪಟ್ಟಿಯೊಂದಿಗೆ ಹಾಕಿದರು. ಚಾಕುವಿನ ಪ್ಯಾರಾ ಮರಳಿತು. ಶೀರ್ಷಿಕೆಯಲ್ಲಿ ‘ಮಾಯ’ ಹೋಗಿ ‘ತಡೆಯುವುದು ಹೇಗೆ?’ ಎಂದಾಯಿತು, ‘ಈ ಒಂದು ಔಷಧಿ’ ಉಳಿಯಿತು. ಅಷ್ಟಕ್ಕೆ ನಾನು ಒಪ್ಪಿದೆ. ಕೂಗುವ ಶೀರ್ಷಿಕೆ ನನಗೆ ಇಷ್ಟವಿಲ್ಲ, ಆದರೆ ಅದು ಯಾರ ತೋಟವನ್ನೂ ಸುಡುವುದಿಲ್ಲ.

ಬಿಕ್ಕಟ್ಟು ಬಿಗಿಯಾದದ್ದು ತಿದ್ದುಪಡಿಯ ಸೂಚನೆಯ ಬಗ್ಗೆ. ಅಂಕಿ ಸರಿಯಾಯಿತಲ್ಲ, ಇನ್ನೇನು ಎಂಬುದು ಅವರ ವಾದ. ‘ತಪ್ಪಾಗಿತ್ತು ಅಂತ ನಾವೇ ಬರ್ಕೊಂಡ್ರೆ ಸೈಟಿನ ಮರ್ಯಾದೆ ಏನಾಗುತ್ತೆ ಮೇಡಂ?’ ನನ್ನ ಭಯ ಬೇರೆ ಇತ್ತು. ಲೇಖನದ ಸ್ಕ್ರೀನ್‌ಶಾಟ್ ಆಗಲೇ ತೋಟಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಸೈಟಿನಲ್ಲಿ ಸದ್ದಿಲ್ಲದೆ ತಿದ್ದಿದರೆ ಆ ಚಿತ್ರಗಳಲ್ಲಿನ 10 ಲೀಟರ್ ತಿದ್ದಿದಂತಾಗುವುದಿಲ್ಲ. ವಾದ ಬೆಳೆಸುವ ಬದಲು ನಾನೇ ಎರಡು ಸಾಲು ಬರೆದು ಕೊಟ್ಟೆ: ‘ಈ ಲೇಖನ ಮೊದಲು ಪ್ರಕಟವಾದಾಗ ನೀರಿನ ಪ್ರಮಾಣ 10 ಲೀಟರ್ ಎಂದಿತ್ತು. ಸರಿಯಾದ ಪ್ರಮಾಣ 100 ಲೀಟರ್.’ ಯಾರಿಂದ, ಹೇಗೆ ಎಂದು ಅದರಲ್ಲಿ ಇಲ್ಲ. ಅವರಿಗೆ ಮುಜುಗರ ತರುವ ಒಂದು ಪದವೂ ಇಲ್ಲದ್ದರಿಂದ ಹಾಕಿದರು. ಅದೇ ಎರಡು ಸಾಲನ್ನು ನಾನು ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದೆ, ಕೊಪ್ಪದವರಿಗೂ ಫೋನ್ ಮಾಡಿ ಹೇಳಿದೆ. ‘ಕೊನೆಗೌಡನಿಗೆ ಹೇಳ್ತೇನೆ, ಖುಷಿಪಡ್ತಾನೆ’ ಅಂದರು.

ಆಗಿನಿಂದ ಪ್ರಮಾಣಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇನೆ: 100 (ನೂರು) ಲೀಟರ್. ಬ್ಯಾಂಕಿನ ಚೆಕ್ಕಿನಲ್ಲಿ ಬರೆಯುವ ಕ್ರಮ, ಔಷಧಿಗೂ ಅದೇ ಸರಿ. ಕನ್ನಡಕ್ಕೆ ಇದು ಇನ್ನೂ ಅಗತ್ಯ. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ, ಯೂನಿಕೋಡಿನಿಂದ ಮತ್ತೆ ಹಿಂದಕ್ಕೆ ಪಠ್ಯ ಓಡಾಡುವಾಗ ಒತ್ತಕ್ಷರ ಒಡೆಯುವುದೂ ಅರ್ಕಾವತ್ತು ಜಾಗ ಬಿಟ್ಟು ಹೋಗುವುದೂ ಇದ್ದದ್ದೇ. ಅದಕ್ಕಾಗಿ ಪಠ್ಯದ ಜತೆ ಪಿಡಿಎಫ್ ಪ್ರತಿಯನ್ನೂ ಕಳಿಸುತ್ತೇನೆ, ಒಡೆದದ್ದನ್ನು ಹೋಲಿಸಿ ನೋಡಲು ಅವರಿಗೆ ಒಂದು ಆಧಾರ ಇರಲಿ ಎಂದು. ಆ ಮಾಲೀಕರ ಸೈಟಿಗೆ ಈಗಲೂ ಬರೆಯುತ್ತೇನೆ. ಪ್ರಕಟಿಸುವ ಮೊದಲು ಅಂಕಿಗಳಿರುವ ಭಾಗವನ್ನು ಅವರೇ ಕಳಿಸಿ ‘ಒಮ್ಮೆ ನೋಡ್ಬಿಡಿ ಮೇಡಂ’ ಎನ್ನುತ್ತಾರೆ.

ಎಲ್ಲರ ಜತೆಯೂ ಹೀಗಾಗಿಲ್ಲ. ಲಿಂಕಿನ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರೂ ಸಿಕ್ಕಿದ್ದಾರೆ. ಲೇಖನ ಯಾವುದರ ಬಗ್ಗೆ ಇದ್ದರೂ ಅವರಿಗೆ ಚಿಂತೆ ಇಲ್ಲ. ಸಾಲ ಕೊಡುವ ಆ್ಯಪಿನದೋ ಬೆಟ್ಟಿಂಗ್ ಸೈಟಿನದೋ ಒಂದು ಲಿಂಕ್ ಒಳಗೆ ಕೂರಬೇಕು. ಈ ರೋಗ ಹಳೆಯದು. 2012ರಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು, ಹುಡುಕಾಟದಲ್ಲಿ ಮೇಲೆ ಬರಲು ಮಾಡುವ ಲಿಂಕಿನ ಮೋಸವನ್ನು ತಡೆಯಲು ಕೈ ಹಾಕಿತು. 2014ರ ಜನವರಿಯಲ್ಲಿ, ಆಗ ಅಲ್ಲಿ ಸ್ಪ್ಯಾಮ್ ತಡೆಯುವ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್, ಬರೀ ಲಿಂಕಿಗಾಗಿ ಅತಿಥಿ ಲೇಖನ ಬರೆಯುವ ಕಾಲ ಮುಗಿಯಿತೆಂದು ಬರೆದರು. ಆದರೂ ನಿಂತಿಲ್ಲ. ಇವರ ಜತೆ ನಾನು ಮಾತು ಬೆಳೆಸುವುದಿಲ್ಲ. ‘ಈ ಥರದ ಲಿಂಕ್ ಇರುವ ಲೇಖನಕ್ಕೆ ನನ್ನ ಹೆಸರು ಕೊಡಲಾಗುವುದಿಲ್ಲ, ವಿಚಾರಿಸಿದ್ದಕ್ಕೆ ಧನ್ಯವಾದ’ ಎಂಬ ಒಂದೇ ಸಾಲು. ನೀತಿಪಾಠ ಹೇಳಲು ಹೋಗುವುದು ವ್ಯರ್ಥ.

ದುಡ್ಡು ಕೊಡದವರ ವಿಷಯಕ್ಕೆ ಒಂದು ಮಾತು. ಸಂಭಾವನೆ ಒಪ್ಪಿಕೊಂಡು ತಿಂಗಳುಗಟ್ಟಲೆ ‘ನಾಳೆ ಹಾಕ್ತೀನಿ’ ಎಂದವರೊಬ್ಬರ ಬಳಿ ಕೇಳಿ ಕೇಳಿ ಸಾಕಾಗಿ, ಬಿಲ್ಲಿನ ಜತೆ ನನ್ನ ಉದ್ಯಮ್ ನೋಂದಣಿಯ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಸಂಖ್ಯೆ ನಮೂದಿಸಿ ಮತ್ತೆ ಕಳಿಸಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಪೂರೈಕೆದಾರರಿಗೆ, ಲಿಖಿತ ಕರಾರಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನು ಬಿಲ್ಲಿನ ಕೆಳಗೆ ಸಣ್ಣದಾಗಿ ಬರೆದಿದ್ದೆ, ಈಮೇಲಿನಲ್ಲಿ ‘ದಯವಿಟ್ಟು ಗಮನಿಸಿ’ ಎಂದಷ್ಟೇ. ಹಣ ಬಂತು. ಬರೆದು ಬದುಕುವವರು ಈ ನೋಂದಣಿಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಆನ್‌ಲೈನಿನಲ್ಲೇ ಆಗುತ್ತದೆ, ಖರ್ಚಿಲ್ಲ.

ಕಾನೂನನ್ನು ಬಾಯಿಬಿಟ್ಟು ಹೇಳಬೇಕಾದದ್ದು ಹೆಸರಿನ ವಿಷಯದಲ್ಲಿ. ಬೇರೊಂದು ಸೈಟಿನ ಮಾಲೀಕರು, ಕಾಳುಮೆಣಸಿನ ಬಗ್ಗೆ ಬರೆದ ಲೇಖನದಿಂದ ನನ್ನ ಹೆಸರು ತೆಗೆದು, ಸೈಟಿನ ಹೆಸರನ್ನೇ ಹಾಕಿ, ಅದನ್ನು ಇನ್ನೊಂದು ಸೈಟಿಗೂ ದಾಟಿಸಿದ್ದರು. ಕೇಳಿದಾಗ ಬಂದ ಉತ್ತರ: ‘ಕಳಿಸಿದ ಮೇಲೆ ಅದು ನಮ್ಮ ಆಸ್ತಿ.’ ಎರಡು ಸಲ ಸಮಾಧಾನದಿಂದ ಬರೆದೆ. ಮೂರನೆಯದರಲ್ಲಿ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಉಲ್ಲೇಖಿಸಿದೆ. ಲೇಖನದ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಬರಹದಲ್ಲಿ, ಬರೆದವರ ಸಹಿಯೊಂದಿಗೆ ಹೋಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕಷ್ಟೇ. ನಾನು ಯಾವುದಕ್ಕೂ ಸಹಿ ಹಾಕಿರಲಿಲ್ಲ. ಹೆಸರಿಗೆ 57ನೇ ಕಲಂ ಇದ್ದೇ ಇದೆ. ಸಿಟ್ಟಿನ ಒಂದು ಪದವೂ ಇಲ್ಲದಂತೆ ಆ ಪತ್ರವನ್ನು ಓದಿ ಓದಿ ತಿದ್ದಿದೆ, ಏಕೆಂದರೆ ನಾಳೆ ಅದನ್ನು ವಕೀಲರು ಓದಬೇಕಾಗಿ ಬಂದರೂ ನನಗೆ ಸಂಕೋಚ ಆಗಬಾರದು.

ಅವರು ಹೆಸರು ಹಾಕಲಿಲ್ಲ, ಲೇಖನವನ್ನೇ ತೆಗೆದರು. ಎರಡನೇ ಸೈಟಿನಿಂದಲೂ ಹೋಯಿತು. ನನಗೆ ಅಷ್ಟು ಸಾಕಿತ್ತು. ಅದೇ ಲೇಖನವನ್ನು ಬೇರೆ ಕಡೆ, ನನ್ನ ಹೆಸರಿನಲ್ಲಿ ಪ್ರಕಟಿಸಿದೆ. ಬಹಳ ದಿನ ಬಿಟ್ಟು, ಏನೂ ನಡೆದಿಲ್ಲವೆಂಬಂತೆ, ಎಲೆಚುಕ್ಕಿ ರೋಗದ ಬಗ್ಗೆ ಒಂದು ಲೇಖನ ಬೇಕೆಂದು ಅವರಿಂದ ಮೆಸೇಜ್ ಬಂತು. ಎಲೆಚುಕ್ಕಿ ಮಲೆನಾಡಿನ ತೋಟಗಳನ್ನು ಹೇಗೆ ಕಂಗಾಲು ಮಾಡಿದೆ ಎಂಬುದನ್ನು ಕಣ್ಣಾರೆ ನೋಡುತ್ತಿರುವ ನನಗೆ ಬರೆಯಬೇಕೆಂಬ ಆಸೆ ಇದೆ, ಅವರಿಗೆ ಓದುಗರೂ ಇದ್ದಾರೆ. ‘ಬರೆಯುತ್ತೇನೆ ಸರ್. ಹೆಸರು ಹಾಕುತ್ತೀರಿ, ಬೇರೆ ಸೈಟಿಗೆ ಕೊಡುವ ಮೊದಲು ಕೇಳುತ್ತೀರಿ ಎಂಬ ಎರಡು ಮಾತನ್ನು ಈಮೇಲಿನಲ್ಲಿ ಕಳಿಸಿ, ಆಮೇಲೆ ಶುರು ಮಾಡೋಣ’ ಎಂದು ಉತ್ತರಿಸಿದ್ದೇನೆ. ಅವರ ಈಮೇಲ್ ಇನ್ನೂ ಬಂದಿಲ್ಲ. ಲೇಖನವನ್ನು ಬರೆಯುತ್ತಿದ್ದೇನೆ, ಅವರು ಒಪ್ಪದಿದ್ದರೆ ಕೊಳೆರೋಗದ ಲೇಖನ ಹಾಕಿದವರಿಗೆ ಕಳಿಸುತ್ತೇನೆ.